ಕತ್ತರಿ ಹಾಕುವ ಮುನ್ನ: ಮನೆಯ ವಿಡಿಯೋ ಎಡಿಟಿಂಗ್ ಕುರಿತು ನಾಲ್ಕು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ, ಕಂಪ್ಯೂಟರ್ ಕೋಣೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಸುವರ್ಣ ಮಹೋತ್ಸವಕ್ಕೆ ಬಂದು ಮಾತಾಡಬೇಕು ಎಂದು ಹೆಡ್‌ಮಾಸ್ತರು ಫೋನ್ ಮಾಡಿದಾಗ ನನಗೆ ನಗು ಬಂತು. ಈ ಶಾಲೆಯಲ್ಲಿ ಓದಿದವರಲ್ಲಿ ಡಾಕ್ಟರ್ ಇದ್ದಾರೆ, ಇಂಜಿನಿಯರ್ ಇದ್ದಾರೆ, ತಹಶೀಲ್ದಾರ್ ಆದವರೂ ಇದ್ದಾರೆ. ನಾನು ಮದುವೆ ವಿಡಿಯೋ ತೆಗೆಯುವವನು. "ಸರ್, ನಾನೇನು ಹೇಳಲಿ?" ಎಂದೆ. "ನಿನಗ ಬರೋದು ಹೇಳಪ್ಪ. ಎಲ್ಲಾ ಹುಡುಗರ ಕೈಯಾಗ ಫೋನ್ ಅದ, ಎಲ್ಲರೂ ವಿಡಿಯೋ ಮಾಡ್ತಾರ, ಎಡಿಟ್ ಮಾಡೋದು ಯಾರಿಗೂ ನೆಟ್ಟಗ ಬರಂಗಿಲ್ಲ" ಎಂದರು. ಹಾಗಾಗಿ ನನಗೆ ಬರುವುದನ್ನೇ ಹೇಳುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ನೀವು ಅದನ್ನು ಮಾಡದಿದ್ದರೆ ಸಾಕು, ನಾನು ಬಂದದ್ದು ಸಾರ್ಥಕ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಶಹಾಪುರದ ಒಂದು ವಿಡಿಯೋ ಅಂಗಡಿಗೆ ಸೇರಿದೆ. ಕೆಲಸ ಲೈಟು ಹಿಡಿಯುವುದು. ಹೆಗಲ ಮೇಲೆ ಇಡುವ ದೊಡ್ಡ ವಿಎಚ್‌ಎಸ್ ಕ್ಯಾಮೆರಾ ಮುಂದೆ, ಹಿಂದೆ ವೈರು ಸುತ್ತಿಕೊಂಡು ನಾನು. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಗುಲಬರ್ಗಾ ಜಿಲ್ಲೆಯವರು. ಆಗ ಎಡಿಟಿಂಗ್ ಎಂದರೆ ಎರಡು ವಿಸಿಆರ್ ಎದುರುಬದುರು ಇಟ್ಟು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಬೇಕಾದಷ್ಟೇ ರೆಕಾರ್ಡ್ ಮಾಡುವುದು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಪ್ರತಿ ಸಲ ಕಾಪಿ ಮಾಡಿದಾಗಲೂ ಚಿತ್ರ ಒಂದಿಷ್ಟು ಮಂಕಾಗುತ್ತಿತ್ತು. 2004ರ ಸುಮಾರಿಗೆ ನನ್ನದೇ ಅಂಗಡಿಗೆ ಕಂಪ್ಯೂಟರ್ ಬಂತು. ಎಷ್ಟು ಸಲ ಕತ್ತರಿಸಿದರೂ ಚಿತ್ರ ಮಂಕಾಗದು, ತಪ್ಪಿದರೆ ಹಿಂದಕ್ಕೆ ಹೋಗಬಹುದು. ನನಗಂತೂ ಮಾಯಾಪೆಟ್ಟಿಗೆ ಸಿಕ್ಕಂತಾಯಿತು.

ಈಗ ಕೆಲಸಕ್ಕೆ ಬರೋಣ.

ವಿಡಿಯೋ ಎಂದರೆ ಓಡುವ ಚಿತ್ರವಲ್ಲ, ನಿಂತ ಚಿತ್ರಗಳ ಸಾಲು. ನಮ್ಮ ದೇಶದ ಹಳೆಯ ಟಿವಿ, ಟೇಪುಗಳಲ್ಲಿ ಸೆಕೆಂಡಿಗೆ 25 ಚಿತ್ರ. ಒಂದು ಗಂಟೆಯ ಮದುವೆ ಟೇಪಿನಲ್ಲಿ 90,000 ಚಿತ್ರಗಳಿರುತ್ತವೆ. ಎಡಿಟಿಂಗ್ ಎಂದರೆ ಅವುಗಳಲ್ಲಿ ಯಾವುದು ಇರಬೇಕು, ಯಾವುದು ಬೇಡ, ಯಾವುದರ ಹಿಂದೆ ಯಾವುದು ಬರಬೇಕು ಎಂದು ಆರಿಸುವುದು. ಅವ್ವ ಮೊರದಲ್ಲಿ ಜೋಳ ಹಸನು ಮಾಡುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ. ಆದರೆ ಅವ್ವ ಕಲ್ಲು ಎಸೆಯುತ್ತಾಳೆ, ಕಾಳು ಎಸೆಯುವುದಿಲ್ಲ. ನಾನು ಬಹಳ ವರ್ಷ ಕಾಳನ್ನೇ ಎಸೆದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಹೆಜ್ಜೆ, ಇದ್ದದ್ದನ್ನು ಉಳಿಸಿಕೊಳ್ಳುವುದು. ನಿಮ್ಮ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಅಪ್ಪ-ಅವ್ವನ ಮದುವೆಯ ಕ್ಯಾಸೆಟ್ ಇದ್ದೀತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತು. ಆ ಬಿಸಿಲು, ಮಳೆಗಾಲದ ತೇವ, ಧೂಳು ಮೂರೂ ಟೇಪಿಗೆ ವೈರಿ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಪ್ಲೇಯರಿಗೆ ಹಾಕಬೇಡಿ. ಪ್ಲೇಯರಿನ ಹೆಡ್ಡೂ ಕೆಡುತ್ತದೆ, ಮುಂದೆ ಹಾಕುವ ಟೇಪಿಗೂ ಬೂಷ್ಟು ಹತ್ತುತ್ತದೆ. ಬಲ್ಲವರಿಂದ ಸ್ವಚ್ಛ ಮಾಡಿಸಿ. ಚೆನ್ನಾಗಿದ್ದರೆ ಮೊದಲು ಹಿಂಬದಿಯ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆಗ ಕೈತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ.

ಆಮೇಲೆ ವಿಸಿಆರಿನ ಹಳದಿ, ಬಿಳಿ, ಕೆಂಪು ಪಿನ್ನಿನ ವೈರನ್ನು ಕ್ಯಾಪ್ಚರ್ ಡಿವೈಸ್ ಎಂಬ ಚಿಕ್ಕ ಸಾಧನಕ್ಕೆ ಕೊಟ್ಟು, ಅದನ್ನು ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸಬೇಕು. ಇಲ್ಲಿ ಅವಸರ ನಡೆಯದು. ಮೂರು ತಾಸಿನ ಟೇಪು ಕಂಪ್ಯೂಟರಿಗೆ ಇಳಿಯಲು ಮೂರು ತಾಸೇ ಬೇಕು. ನಂತರ ಬಂದ ಮಿನಿ ಡಿವಿ ಟೇಪಾದರೆ ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ಲಿನಲ್ಲಿ ಇಳಿಸಬೇಕು. ಅದು ಗಂಟೆಗೆ ಸುಮಾರು 13 ಜಿಬಿ ಜಾಗ ತಿನ್ನುತ್ತದೆ. ಫೋನಿನ ವಿಡಿಯೋ ಆದರೆ ಈ ಕಷ್ಟವಿಲ್ಲ, ಕೇಬಲ್ ಹಾಕಿ ಕಾಪಿ ಮಾಡಿದರೆ ಮುಗಿಯಿತು. ಆದರೆ ವಾಟ್ಸಾಪಿನಲ್ಲಿ ಬಂದದ್ದನ್ನು ಮೂಲ ಎಂದು ತಿಳಿಯಬೇಡಿ. ಕಳಿಸುವಾಗ ಅದು ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿರುತ್ತದೆ. ತೆಗೆದವರ ಫೋನಿನಿಂದಲೇ ಕೇಳಿ ಪಡೆಯಿರಿ.

ಇಳಿಸಿದ ಮೇಲೆ ಎರಡು ಕಡೆ ಇಡಿ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ. ಆ ಎರಡನೆಯದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪೆನ್‌ಡ್ರೈವಿಗೆ ಹಾಕುವಾಗ ದೊಡ್ಡ ಫೈಲು ಹೋಗದೆ ನಿಂತರೆ ಗಾಬರಿಯಾಗಬೇಡಿ. ಫ್ಯಾಟ್ 32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲು ಹಿಡಿಯುವುದಿಲ್ಲ, ಅಷ್ಟೇ. ಫೈಲಿಗೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ತಾರೀಖು, ಕೊನೆಗೆ ಊರು ಮತ್ತು ಕಾರ್ಯ ಬರೆಯಿರಿ. ಆಗ ಎಲ್ಲವೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. "ನ್ಯೂ ವಿಡಿಯೋ ಫೈನಲ್ ಫೈನಲ್ 2" ಎಂದು ಇಟ್ಟವರು ಆಮೇಲೆ ಹುಡುಕುತ್ತಾ ಕೂರುತ್ತಾರೆ. ನಾನೂ ಕೂತಿದ್ದೇನೆ.

ಎರಡನೆಯ ಹೆಜ್ಜೆಗೆ ಕಂಪ್ಯೂಟರ್ ಬೇಡ, ನೋಟ್‌ಬುಕ್ಕು ಪೆನ್ನು ಸಾಕು. ಇಡೀ ವಿಡಿಯೋ ಕೂತು ನೋಡಿ. ಒಬ್ಬರೇ ಬೇಡ, ಮುತ್ಯಾನನ್ನೋ ಆಯಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟನೇ ನಿಮಿಷದಲ್ಲಿ ಏನಿದೆ, ಯಾರಿದ್ದಾರೆ, ಬರೆದುಕೊಳ್ಳಿ. "ಈ ಕೆಂಪು ರುಮಾಲಿನವರು ಯಾರು?" ಎಂದು ಕೇಳಿ. "ಅಂವಾ ನಿಮ್ಮಪ್ಪನ ಸೋದರಮಾವ, ಕೃಷ್ಣಾ ನದಿ ದಾಟಿ ಬಂದಿದ್ದ" ಎಂದು ಒಂದು ಕಥೆಯೇ ಬರುತ್ತದೆ. ಹೆಸರು ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು. ಅವರು ಹೋದ ಮೇಲೆ ಅದು ರುಮಾಲು ಸುತ್ತಿದ ಯಾರೋ ಒಬ್ಬರ ಚಿತ್ರ, ಅಷ್ಟೇ.

ಮೂರನೆಯದು ಸಾಫ್ಟ್‌ವೇರ್. ನಾನು ಕಲಿತದ್ದು ವಿಂಡೋಸ್ ಮೂವಿ ಮೇಕರಿನಲ್ಲಿ. ಅದು 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂತು. 2017ರ ಜನವರಿಯಲ್ಲಿ ಕಂಪನಿಯವರು ಕೊಡುವುದನ್ನೇ ನಿಲ್ಲಿಸಿದರು. ಈಗ ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುತ್ತವೆ. ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ನಡೆಯುತ್ತವೆ. ಕದ್ದ ಸಾಫ್ಟ್‌ವೇರಿನ ಹಿಂದೆ ಹೋಗಿ ವೈರಸ್ ತಂದುಕೊಳ್ಳಬೇಡಿ. ಯಾವುದಾದರೂ ಒಂದನ್ನು ಹಿಡಿದು ಕಲಿಯಿರಿ. ಒಂದು ಬಂದರೆ ಉಳಿದವೂ ಬರುತ್ತವೆ, ಸೈಕಲ್ ಕಲಿತ ಹಾಗೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ನೀವು ಎಡಿಟ್ ಮಾಡಿ ಸೇವ್ ಮಾಡಿದಾಗ ತಯಾರಾಗುವುದು ಪ್ರಾಜೆಕ್ಟ್ ಫೈಲು. ಅದರಲ್ಲಿ ವಿಡಿಯೋ ಇರುವುದಿಲ್ಲ. "ಆ ಫೋಲ್ಡರಿನ ಆ ಫೈಲಿನಿಂದ ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿನವರೆಗೆ ತೋರಿಸು" ಎಂಬ ಚೀಟಿ ಮಾತ್ರ ಇರುತ್ತದೆ. ಕಿರಾಣಿ ಅಂಗಡಿಯ ಚೀಟಿಯಲ್ಲಿ ಸಕ್ಕರೆ ಎಂದು ಬರೆದಿರುತ್ತದೆ, ಚೀಟಿ ನೆಕ್ಕಿದರೆ ಸಿಹಿಯಾಗುವುದಿಲ್ಲ. ಆದ್ದರಿಂದ ಪ್ರಾಜೆಕ್ಟ್ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಅಲ್ಲಿ ಏನೂ ಕಾಣುವುದಿಲ್ಲ. ಮೂಲ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು, ಕೆಲಸ ಮುಗಿಯುವ ತನಕ ಅದರ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಿಸಬೇಡಿ. ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ನೀವು ಏನೇ ಕತ್ತರಿಸಿದರೂ ಮೂಲಕ್ಕೆ ಗಾಯವಾಗುವುದಿಲ್ಲ. ಆದ್ದರಿಂದ ಅಂಜದೆ ಕತ್ತರಿಸಿ. ಮತ್ತೆ, ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಐದು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತುವುದನ್ನು ಬೆರಳಿಗೆ ರೂಢಿ ಮಾಡಿಸಿ.

ಇನ್ನು ಕತ್ತರಿಸುವುದು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋದಾಗ ನೀವು ಫೋನಿನಲ್ಲಿ 40 ನಿಮಿಷ ವಿಡಿಯೋ ತೆಗೆದಿದ್ದೀರಿ ಎಂದುಕೊಳ್ಳಿ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುವ ಅಣ್ಣನಿಗೆ ಅದನ್ನು ತೋರಿಸಬೇಕು. ಅವನು ಇಡೀ ದಿನ ಕಟ್ಟಡದ ಕೆಲಸ ಮಾಡಿ ಶೆಡ್ಡಿಗೆ ಬಂದಿರುತ್ತಾನೆ, 40 ನಿಮಿಷ ನೋಡಲಾರ. ನಾಲ್ಕು ನಿಮಿಷ ನೋಡುತ್ತಾನೆ. ಆ ನಾಲ್ಕರಲ್ಲಿ ಏನು ಬೇಕು? ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ತುಂಬುವುದು. ಎತ್ತಿನ ಬಂಡಿಯೋ ಟ್ರ್ಯಾಕ್ಟರೋ ಹೊರಡುವುದು. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರನ್ನು ಪೂಜೆ ಮಾಡುವುದು. ಕಾಕಾ ಕೂಗುತ್ತಾ ಚರಗ ಚೆಲ್ಲುವುದು. ಎಲ್ಲರೂ ಸಾಲಾಗಿ ಕೂತು ಉಣ್ಣುವುದು. ಕೊನೆಗೆ ಅವ್ವ ಕ್ಯಾಮೆರಾ ನೋಡಿ ಏನೋ ಹೇಳುವುದು. ಇಷ್ಟು ಸಾಕು.

ಪ್ರತಿಯೊಂದು ತುಣುಕಿನ ಹಿಂದೆ ಮುಂದೆ ಕ್ಯಾಮೆರಾ ಅಲುಗಾಡಿದ್ದು, ನೆಲ ತೋರಿಸಿದ್ದು ಇರುತ್ತದೆ. ಅದನ್ನು ತೆಗೆಯಿರಿ. ನೋಟ ಮಾತ್ರ ಇರುವ ತುಣುಕು ನಾಲ್ಕೈದು ಸೆಕೆಂಡು ಇದ್ದರೆ ಸಾಕು. ಆದರೆ ಯಾರಾದರೂ ಮಾತಾಡುತ್ತಿದ್ದರೆ ಮಾತು ಮುಗಿಯುವ ತನಕ ಬಿಡಿ, ಮುಗಿದ ಮೇಲೂ ಒಂದು ಉಸಿರಿನಷ್ಟು ಬಿಡಿ. ಮಾತು ಮುಗಿದ ಮೇಲೆ ಮುಖದ ಮೇಲೆ ಬರುವ ನಗುವೇ ಬಹಳ ಸಲ ಮಾತಿಗಿಂತ ಬೆಲೆಯುಳ್ಳದ್ದು. ಇನ್ನೊಂದು ಮಾತು ತೆಗೆಯುವಾಗಲೇ ನೆನಪಿಡಬೇಕಾದದ್ದು. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಎಲ್ಲರೂ ಫೋನಿನಲ್ಲಿ ತೆಗೆಯುತ್ತಾರೆ, ಆದರೆ ತಲೆಯಿಂದ ಪಾದದವರೆಗೆ ಸೊಂಯ್ ಎಂದು ತಿರುಗಿಸುತ್ತಾರೆ. ಬುದ್ಧನೇ ಅಲುಗಾಡದೆ ಮಲಗಿದ್ದಾನೆ, ನೀವ್ಯಾಕೆ ಅಲುಗಾಡುತ್ತೀರಿ? ಹತ್ತು ಸೆಕೆಂಡು ಸುಮ್ಮನೆ ಹಿಡಿಯಿರಿ. ಎಡಿಟಿಂಗಿನ ಅರ್ಧ ಕಷ್ಟ ಅಲ್ಲೇ ಕಡಿಮೆಯಾಗುತ್ತದೆ.

ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗಲು ನೂರಾರು ಎಫೆಕ್ಟ್ ಸಿಗುತ್ತವೆ. ನಾನು ಹೊಸದರಲ್ಲಿ ಒಂದನ್ನೂ ಬಿಟ್ಟವನಲ್ಲ. ಗುಲಾಬಿ ಹೂ ಅರಳಿ ಅದರೊಳಗಿಂದ ಮದುಮಗಳು ಬರುವುದು, ಹೃದಯದೊಳಗೆ ಮದುಮಗನ ಮುಖ ಗಿರಗಿರ ತಿರುಗುವುದು, ಸುರಪುರ ತಾಲೂಕು ಬಿಟ್ಟು ಹೊರಗೆ ಹೋಗದ ಜೋಡಿಯನ್ನು ತಾಜ್ ಮಹಲಿನ ಮುಂದೆ ನಿಲ್ಲಿಸುವುದು, ಎಲ್ಲವನ್ನೂ ಮಾಡಿದ್ದೇನೆ. ಜನ ಆಗ ಖುಷಿಪಟ್ಟರು. ಈಗ ಅದೇ ಜೋಡಿಯ ಮಕ್ಕಳು ನೋಡಿ ನಗುತ್ತಾರೆ. ಸೀದಾ ಕತ್ತರಿಸಿ ಸೀದಾ ಜೋಡಿಸಿದ್ದು ಮಾತ್ರ ಹಳೆಯದಾಗಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದು ದನಿಯ ವಿಷಯ.

ಕಂಪ್ಯೂಟರ್ ತಂದ ಹೊಸದರಲ್ಲಿ ಸುರಪುರ ತಾಲೂಕಿನ ಒಂದು ಹಳ್ಳಿಯ ಮದುವೆ ಮಾಡಿಕೊಟ್ಟೆ. ಆಗ ನಮ್ಮ ಪದ್ಧತಿ ಏನೆಂದರೆ, ಟೇಪಿನ ದನಿಯನ್ನು ಪೂರಾ ತೆಗೆದುಹಾಕಿ ಮೇಲೆ ಸಿನಿಮಾ ಹಾಡು ಹಾಕುವುದು. ಅರಿಶಿಣಕ್ಕೊಂದು ಹಾಡು, ಅಕ್ಕಿಕಾಳಿಗೊಂದು ಹಾಡು, ಮನೆ ತುಂಬಿಸಿಕೊಳ್ಳುವಾಗ ಒಂದು ಅಳುವ ಹಾಡು. ಗಿರಾಕಿಗಳೂ ಅದನ್ನೇ ಕೇಳುತ್ತಿದ್ದರು. ಮೂಲ ಟೇಪಿನಲ್ಲಿ ಗದ್ದಲ, ಹಲಗಿ, ಹುಡುಗರ ಕೂಗಾಟ ಇರುತ್ತಿತ್ತು. ನಮಗೆ ಅದು ಕಸ. ಡಿವಿಡಿ ಕೊಟ್ಟ ಮೇಲೆ ಆ ಟೇಪಿನ ಮೇಲೆಯೇ ಮುಂದಿನ ಮದುವೆ ತೆಗೆಯುತ್ತಿದ್ದೆ. ಒಂದು ಟೇಪಿನ ದುಡ್ಡು ಉಳಿಯುತ್ತಿತ್ತು.

ಹನ್ನೊಂದು ವರ್ಷ ಕಳೆದ ಮೇಲೆ ಆ ಮದುಮಗಳು ಅಂಗಡಿಗೆ ಬಂದಳು. ಕೈಯಲ್ಲಿ ಅದೇ ಡಿವಿಡಿ, ಜೊತೆಗೆ ಶಾಲೆಗೆ ಹೋಗುವ ಮಗಳು. "ಅಣ್ಣಾ, ಇದರಾಗ ನಮ್ಮವ್ವ ಅದಾಳ. ಅರಿಶಿಣ ಹಚ್ಚುವಾಗ ಸೋಬಾನ ಹಾಡ್ಯಾಳ. ಬಾಯಿ ಆಡೋದು ಕಾಣ್ತದ, ದನಿ ಕೇಳಂಗಿಲ್ಲ. ಆ ಸಿನಿಮಾ ಹಾಡು ತೆಗೆದು ಅವ್ವನ ಹಾಡು ಹಾಕಿ ಕೊಡ್ರಿ" ಎಂದಳು. ತಾಯಿ ತೀರಿಕೊಂಡು ವರ್ಷವಾಗಿತ್ತು. ಆ ಹಾಡು ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

ನಾನು ಡಿವಿಡಿ ಹಾಕಿ ನೋಡಿದೆ. ಆ ತಾಯಿ ಅರಿಶಿಣದ ಬಟ್ಟಲು ಹಿಡಿದು, ಕಣ್ಣು ಅರ್ಧ ಮುಚ್ಚಿ ಹಾಡುತ್ತಿದ್ದಾರೆ, ಹಿಂದೆ ನಾಲ್ಕು ಹೆಂಗಸರು ದನಿಗೂಡಿಸುತ್ತಿದ್ದಾರೆ. ಮೇಲೆ ಮಾತ್ರ ಯಾವುದೋ ಸಿನಿಮಾದ ಡ್ಯುಯೆಟ್ ಬಾರಿಸುತ್ತಿದೆ. ಮೇಲೆ ಹಾಕಿದ ಹಾಡನ್ನು ತೆಗೆದರೆ ಕೆಳಗೆ ಏನೂ ಇಲ್ಲ. ಗೋಡೆಯ ಸುಣ್ಣ ಕೆರೆದರೆ ಹಳೆಯ ಬಣ್ಣ ಸಿಗುತ್ತದೆ. ಇಲ್ಲಿ ಹಾಗಲ್ಲ, ದನಿಯನ್ನು ನಾನು ಅಳಿಸಿಯೇಬಿಟ್ಟಿದ್ದೆ. ಮೂಲ ಟೇಪಿನ ಮೇಲೆ ಯಾರ್ಯಾರದೋ ಮದುವೆಗಳು ಬಂದು ಹೋಗಿದ್ದವು.

"ಆಗಂಗಿಲ್ಲವ್ವ" ಎಂದೆ. "ಎಷ್ಟು ರೊಕ್ಕ ಆದ್ರೂ ಕೊಡ್ತೀನ್ರಿ" ಎಂದಳು. ರೊಕ್ಕದ ಮಾತಲ್ಲ ಎಂದು ತಿಳಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೂತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬೈಯಲಿಲ್ಲ. ಕೊನೆಗೆ ಹೇಳಿದಳು: "ಹೋಗ್ಲಿ, ಆ ಸಿನಿಮಾ ಹಾಡರ ತೆಗೆದು ಕೊಡ್ರಿ. ಸುಮ್ಮನ ನೋಡ್ತೀನಿ."

ತೆಗೆದು ಕೊಟ್ಟೆ. 41 ಸೆಕೆಂಡು. ದನಿಯಿಲ್ಲದ ಹಾಡು. ನಾನು ಮಾಡಿದ ಎಡಿಟಿಂಗಿನಲ್ಲೆಲ್ಲ ಅತಿ ಸಣ್ಣದು ಅದು, ನನ್ನ ತಲೆಯಿಂದ ಹೋಗದೆ ಉಳಿದದ್ದೂ ಅದೇ.

ಮಕ್ಕಳೇ, ಆ ದಿನದಿಂದ ನಾನು ಎರಡು ನಿಯಮ ಮಾಡಿಕೊಂಡೆ. ಮೂಲವನ್ನು ಅಳಿಸುವುದಿಲ್ಲ. ಅಲ್ಲಿಯ ದನಿಯನ್ನು ಪೂರಾ ಮುಚ್ಚುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ದನಿಗೆ ಬೇರೆ ಬೇರೆ ಸಾಲುಗಳಿರುತ್ತವೆ, ಟ್ರ್ಯಾಕ್ ಎನ್ನುತ್ತಾರೆ. ಒಂದರಲ್ಲಿ ವಿಡಿಯೋದ ಸ್ವಂತ ದನಿ, ಇನ್ನೊಂದರಲ್ಲಿ ನೀವು ಸೇರಿಸುವ ಸಂಗೀತ. ಯಾರಾದರೂ ಮಾತಾಡುವಾಗ, ಹಾಡುವಾಗ ಸಂಗೀತದ ಸಾಲನ್ನು ತಗ್ಗಿಸಿ. ಸಂಗೀತ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಲ್ಲಬಾರದು, ನಿಧಾನ ಏರಿ ನಿಧಾನ ಇಳಿಯಬೇಕು. ಅದಕ್ಕೆ ಫೇಡ್ ಎನ್ನುತ್ತಾರೆ. ಒಂದು ತುಣುಕಿನ ದನಿಯನ್ನು ಮುಂದಿನ ತುಣುಕಿನ ಕೆಳಗೂ ಸ್ವಲ್ಪ ಹರಿಯಬಿಡಬಹುದು. ಆಯಿ ಹಾಡುತ್ತಿರುವಾಗ, ಹಾಡು ನಿಲ್ಲಿಸದೆ, ಹಾಡು ಕೇಳುತ್ತಿರುವ ಮೊಮ್ಮಕ್ಕಳ ಮುಖ ತೋರಿಸಬಹುದು. ನೋಡುವವರಿಗೆ ಕತ್ತರಿ ಹಾಕಿದ್ದೇ ಗೊತ್ತಾಗುವುದಿಲ್ಲ. ಚಿತ್ರ ಸ್ವಲ್ಪ ಮಂಕಿದ್ದರೆ ಜನ ಸಹಿಸುತ್ತಾರೆ, ದನಿ ಕೆಟ್ಟರೆ ಎದ್ದು ಹೋಗುತ್ತಾರೆ. ಆದ್ದರಿಂದ ಮಾತು ರೆಕಾರ್ಡ್ ಮಾಡುವಾಗ ಫ್ಯಾನು ಆರಿಸಿ, ಫೋನನ್ನು ಹತ್ತಿರ ಹಿಡಿಯಿರಿ.

ಉಳಿದ ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಟೇಪಿನ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, ಈಗಿನ ಟಿವಿ ಹದಿನಾರಕ್ಕೆ ಒಂಬತ್ತು. ಪರದೆ ತುಂಬಲಿ ಎಂದು ಎಳೆಯಬೇಡಿ, ಸಣಕಲು ಮುತ್ಯಾ ಕೂಡ ಪೈಲ್ವಾನನಂತೆ ಕಾಣುತ್ತಾನೆ. ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಹಳೆಯ ವಿಡಿಯೋದಲ್ಲಿ ಓಡುವವರ ಅಂಚಿನಲ್ಲಿ ಬಾಚಣಿಕೆಯ ಹಲ್ಲಿನಂಥ ಗೆರೆ ಕಂಡರೆ ಡೀಇಂಟರ್‌ಲೇಸ್ ಎಂಬುದನ್ನು ಆನ್ ಮಾಡಿ. ಶೀರ್ಷಿಕೆಯನ್ನು ಕನ್ನಡದಲ್ಲಿ ಹಾಕಿ, ಯುನಿಕೋಡ್ ಫಾಂಟ್ ಬಳಸಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರವಾಗಿ ಕಾಣಬಹುದು. ಕೆಲವು ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ಹಾಗಾದರೆ ಶೀರ್ಷಿಕೆಯನ್ನು ಬೇರೆ ಕಡೆ ಬರೆದು ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ತಂದು ಹಾಕಿ. ಎಲ್ಲ ಮುಗಿದ ಮೇಲೆ ಎಕ್ಸ್‌ಪೋರ್ಟ್ ಮಾಡುವಾಗ ಎಂಪಿ4, ಎಚ್.264 ಆರಿಸಿದರೆ ಫೋನು, ಟಿವಿ, ಕಂಪ್ಯೂಟರ್ ಹೆಚ್ಚು ಕಡಿಮೆ ಎಲ್ಲದರಲ್ಲೂ ನಡೆಯುತ್ತದೆ. ಯಾರಿಗಾದರೂ ಕೊಡುವ ಮುಂಚೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಿ. ಮತ್ತೆ, ಯಾರದೇ ವಿಡಿಯೋ ಆಗಲಿ, ಅವರನ್ನು ಕೇಳದೆ ಎಲ್ಲರಿಗೂ ಕಳಿಸಬೇಡಿ. ಮನೆಯಲ್ಲಿ ಕುಣಿದ ತಂಗಿ ಊರ ಮುಂದೆ ಕುಣಿಯಲು ಒಪ್ಪಿರುವುದಿಲ್ಲ.

ಕೊನೆಯ ಮಾತು. ಸುರಪುರದ ಚಿತ್ರಕಾರರು ದೇವರ, ಅರಸರ ಚಿತ್ರಗಳನ್ನು ಬಂಗಾರ ಬಳಸಿ ಬರೆದರು. ಮೆಡೋಸ್ ಟೇಲರ್ ಸಾಹೇಬ ಸುರಪುರದಲ್ಲಿ ಕಂಡದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಹಾಗಾಗಿ ಅರಮನೆಯ ಸುದ್ದಿ ನಮಗೆ ಒಂದಿಷ್ಟು ಉಳಿದಿದೆ. ಆದರೆ ಅದೇ ಕಾಲದಲ್ಲಿ ಹೊಲದಲ್ಲಿ ಕಳೆ ತೆಗೆಯುತ್ತಾ ಹಾಡಿದ ಹೆಂಗಸಿನ ಮುಖ ಹೇಗಿತ್ತು, ದನಿ ಹೇಗಿತ್ತು, ಯಾರಿಗೂ ಗೊತ್ತಿಲ್ಲ. ನಮ್ಮಂಥವರ ಮನೆಯ ಮುಖ, ದನಿ ಉಳಿಯುವ ಕಾಲ ಬಂದದ್ದೇ ಈಗ, ಮೊದಲು ಆ ಕ್ಯಾಸೆಟ್ಟುಗಳಿಂದ, ಈಗ ನಿಮ್ಮ ಫೋನಿನಿಂದ.

ನಮ್ಮ ಶಾಲೆಯ ಅಲ್ಮಾರಿಯಲ್ಲಿ ಹಳೆಯ ಗ್ಯಾದರಿಂಗಿನ ಕ್ಯಾಸೆಟ್ಟುಗಳಿವೆ. ಮೊನ್ನೆ ಬಂದು ನೋಡಿದೆ. ಎರಡಕ್ಕೆ ಬೂಷ್ಟು ಹಿಡಿದಿದೆ, ಉಳಿದವು ಚೆನ್ನಾಗಿವೆ. ಅವುಗಳಲ್ಲಿ ನಮಗೆ ಗಣಿತ ಕಲಿಸಿದ ಗುರುಗಳ ದನಿ ಇದೆ. ಅವರು ಈಗ ಇಲ್ಲ. ಮುಂದಿನ ಶನಿವಾರದಿಂದ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ನನ್ನ ವಿಸಿಆರ್ ತಂದು ಇದೇ ಕೋಣೆಯಲ್ಲಿ ಕೂರುತ್ತೇನೆ. ಕಲಿಯುವ ಆಸೆ ಇದ್ದವರು ಬನ್ನಿ, ಮನೆಯಲ್ಲಿ ಕ್ಯಾಸೆಟ್ ಇದ್ದವರು ತನ್ನಿ, ದುಡ್ಡು ಬೇಡ. ಬರುವಾಗ ಒಂದು ಹೋಮ್‌ವರ್ಕ್ ಮಾಡಿಕೊಂಡು ಬನ್ನಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಮುಂದೆ ಫೋನ್ ಹಿಡಿದು, ಅವರಿಗೆ ಬರುವ ಒಂದು ಹಾಡನ್ನೋ ಕಥೆಯನ್ನೋ ಹೇಳಿಸಿ, ಐದು ನಿಮಿಷ ರೆಕಾರ್ಡ್ ಮಾಡಿ. ಅದನ್ನು ಮೂರು ನಿಮಿಷಕ್ಕೆ ಇಳಿಸುವುದು ಹೇಗೆಂದು ಇಲ್ಲಿ ಕೂತು ಕಲಿಯೋಣ. ಆ ಐದು ನಿಮಿಷದ ಮೂಲವನ್ನು ಮಾತ್ರ ಅಳಿಸಬೇಡಿ.

ಇಷ್ಟು ಹೊತ್ತು ಗಲಾಟೆ ಮಾಡದೆ ಕೇಳಿದ್ದೀರಿ. ನಾನು ಇಲ್ಲಿ ಓದುವಾಗ ಹೀಗೆ ಕೂತವನಲ್ಲ, ಗುರುಗಳಿಗೆ ಗೊತ್ತು.